ಹಸಿರು ಶಿಲೆಯ ದೊರೆ

ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿ ಚಿಯಾಪಾಸ್ ಎಂಬ ಪ್ರಾಂತವಿದೆ. ಅಲ್ಲಿನ ಬೆಟ್ಟಸಾಲು ಉತ್ತರದ ಬಯಲಿಗೆ ಇಳಿಯುವೆಡೆಯಲ್ಲಿ, ದಟ್ಟವಾದ ಮಳೆಗಾಡಿನ ಮಡಿಲಿನಲ್ಲಿ, ಪಲೆಂಕೆ ಎಂಬ ಪ್ರಾಚೀನ ನಗರದ ಅವಶೇಷಗಳಿವೆ. ಪಲೆಂಕೆ ಎಂಬುದು ಸ್ಪೇನಿನವರ ಕಾಲದಲ್ಲಿ ಬಂದ ಹೆಸರು. ನಗರವನ್ನು ಕಟ್ಟಿ ಬಾಳಿದ ಮಾಯಾ ಜನರು ಅದನ್ನು ಲಕಮ್‌ಹಾ ಎಂದು ಕರೆಯುತ್ತಿದ್ದರು. ಹಿರಿಯ ನೀರು ಎಂಬುದು ಆ ಮಾತಿನ ಅರ್ಥ. ಬೆಟ್ಟದಿಂದ ಇಳಿದು ಬರುವ ಹಲವು ತೊರೆಗಳು ನಗರದ ನಡುವೆಯೇ ಹರಿಯುತ್ತಿದ್ದುದರಿಂದ ಈ ಹೆಸರು ಅನ್ವರ್ಥಕವಾಗಿದ್ದಿತು. ಅವುಗಳಲ್ಲಿ ಒಂದಾದ ಓತುಲುಮ್ ತೊರೆಯನ್ನು ಕಲ್ಲಿನ ಕಾಲುವೆಯೊಳಗೆ ಹಾಯಿಸಿ, ಅರಮನೆಯ ಮಗ್ಗುಲಲ್ಲೇ ಹರಿಯುವಂತೆ ಮಾಡಿದ್ದರು. ಆ ಕಾಲುವೆ ಇಂದಿಗೂ ಉಳಿದಿದೆ. ಈ ನಗರವನ್ನು 68 ವರ್ಷಗಳ ಕಾಲ ಆಳಿ, ಪಾಳುಬೀಳುವ ಸ್ಥಿತಿಯಲ್ಲಿದ್ದ ಅದನ್ನು ಮಾಯಾ ನಾಡಿನ ಅತ್ಯಂತ ಸುಂದರ ನಗರಗಳಲ್ಲಿ ಒಂದನ್ನಾಗಿ ಮಾಡಿದ ದೊರೆಯೇ ಕಿನಿಚ್ ಹನಾಬ್ ಪಕಾಲ್. ಪಕಾಲ್ ಎಂದರೆ ಗುರಾಣಿ. ಕಿನಿಚ್ ಎಂಬುದು ಸೂರ್ಯನ ತೇಜಸ್ಸನ್ನು ಸೂಚಿಸುವ ಬಿರುದು.

ಮಾಯಾ ಜನರು ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲ, ಬೆಲೀಜ್ ಮತ್ತು ಹೊಂಡುರಾಸಿನ ಪಶ್ಚಿಮ ಭಾಗಗಳಲ್ಲಿ ನೆಲೆಸಿದ್ದರು. ಅವರ ವಂಶಜರು ಲಕ್ಷ ಲಕ್ಷ ಸಂಖ್ಯೆಯಲ್ಲಿ ಇಂದಿಗೂ ಅಲ್ಲಿ ವಾಸಿಸುತ್ತಿದ್ದಾರೆ. ಮಾಯಾ ಭಾಷೆಗಳನ್ನು ಆಡುತ್ತಿದ್ದಾರೆ. ಪ್ರಾಚೀನ ಕಾಲದಲ್ಲಿ ಅವರು ಎಂದೂ ಒಂದೇ ಸಾಮ್ರಾಜ್ಯವಾಗಿ ಒಗ್ಗೂಡಲಿಲ್ಲ. ಒಂದೊಂದು ನಗರವೂ ಒಂದೊಂದು ರಾಜ್ಯ. ಒಂದೊಂದಕ್ಕೂ ಒಬ್ಬೊಬ್ಬ ಅಹಾವ್, ಎಂದರೆ ಅರಸು. ಈ ಅರಸರು ತಮ್ಮ ತಮ್ಮಲ್ಲಿ ಕಾದಾಡುತ್ತಿದ್ದರು; ಮದುವೆಯ ಸಂಬಂಧ ಬೆಳೆಸುತ್ತಿದ್ದರು; ಕಲ್ಲಿನಲ್ಲಿ ಶಾಸನ ಕೆತ್ತಿಸುತ್ತಿದ್ದರು. ಏಳನೆಯ ಶತಮಾನದ ಮಾಯಾ ಶಿಲ್ಪಿಯ ಕೈಯಲ್ಲಿ ಕಬ್ಬಿಣದ ಉಳಿಯಾಗಲಿ ಕಂಚಿನ ಉಳಿಯಾಗಲಿ ಇರಲಿಲ್ಲ. ಭಾರ ಹೊರುವುದಕ್ಕೆ ಎತ್ತುಗಳಿರಲಿಲ್ಲ, ಕುದುರೆಗಳಿರಲಿಲ್ಲ, ಗಾಡಿಗಳಿರಲಿಲ್ಲ. ಆದರೂ ಆತನು ಕಟ್ಟಿದ ಗುಡಿಗಳು ಸಾವಿರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡೂ ನಿಂತಿವೆ.

ಪಕಾಲನು ಹುಟ್ಟಿದ್ದು ಕ್ರಿ.ಶ. 603ರ ಮಾರ್ಚ್ ತಿಂಗಳಿನಲ್ಲಿ. ತಾಯಿ ಸಾಕ್ ಕುಕ್ ರಾಜವಂಶದವಳು. ತಂದೆ ಕಾನ್ ಮೋ ಹೀಶ್ ಅರಸನಾಗಿದ್ದವನಲ್ಲ. ಮಾಯಾ ಅರಸರಲ್ಲಿ ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಪಟ್ಟ ಬರುತ್ತಿದ್ದಿತು. ಆದುದರಿಂದ ತಾಯಿಯ ಕಡೆಯಿಂದ ಬಂದ ಹಕ್ಕನ್ನು ಜನರು ಒಪ್ಪುವಂತೆ ಮಾಡುವುದು ಪಕಾಲನ ಬಾಳಿನುದ್ದಕ್ಕೂ ಒಂದು ಹೊಣೆಯಾಗಿಯೇ ಉಳಿಯಿತು.

ಆತನು ಹುಟ್ಟಿದ ಕಾಲ ಲಕಮ್‌ಹಾ ನಗರಕ್ಕೆ ಒಳ್ಳೆಯ ಕಾಲವಾಗಿರಲಿಲ್ಲ. ಪೂರ್ವಕ್ಕೆ, ಬಹು ದೂರದಲ್ಲಿ, ಕಲಕ್ಮುಲ್ ಎಂಬ ಬಲಶಾಲಿ ರಾಜ್ಯವಿದ್ದಿತು. ಸರ್ಪವು ಆ ರಾಜವಂಶದ ಲಾಂಛನ. ಕ್ರಿ.ಶ. 599ರಲ್ಲಿ ಆ ರಾಜ್ಯದ ಸೇನೆ ಉಸುಮಾಸಿಂತಾ ನದಿಯನ್ನು ದಾಟಿ ಬಂದು ಲಕಮ್‌ಹಾದ ಮೇಲೆ ದಾಳಿ ಮಾಡಿತು. ನಗರ ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ, 611ರ ಏಪ್ರಿಲ್ ತಿಂಗಳಿನಲ್ಲಿ, ಮತ್ತೊಮ್ಮೆ ದಾಳಿಯಾಯಿತು. ಬಾಲಕ ಪಕಾಲನಿಗೆ ಆಗ ಎಂಟು ವರ್ಷ. ಮರುವರ್ಷ ಅರಸನೂ ತೀರಿಕೊಂಡನು. ರಾಜಮನೆತನದ ಮತ್ತೊಬ್ಬ ಹಿರಿಯನೂ ತೀರಿಕೊಂಡನು. ಪಟ್ಟಕ್ಕೆ ನೇರವಾದ ಗಂಡುಸಂತಾನ ಉಳಿದಂತೆ ಕಾಣುವುದಿಲ್ಲ. ಅಂದಿನಿಂದ ಮೂರು ವರ್ಷ ರಾಜ್ಯವನ್ನು ನಡೆಸಿದವರು ಯಾರೆಂಬುದನ್ನು ಶಾಸನವು ಒಬ್ಬ ದೇವಮಾತೆಯ ಹೆಸರಿನಿಂದ ಸೂಚಿಸುತ್ತದೆ. ಆ ಹೆಸರಿನ ಮರೆಯಲ್ಲಿದ್ದವಳು ಪಕಾಲನ ತಾಯಿಯೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ.

ಈ ಸೋಲನ್ನು ಕುರಿತು ಪಕಾಲನೇ ಮುಂದೆ ಬರೆಯಿಸಿದ ಶಾಸನದಲ್ಲಿ ಒಂದು ವಿಚಿತ್ರವಾದ ದುಃಖ ಕಂಡುಬರುತ್ತದೆ. ಸೋತ ಅರಸರು ಸಾಮಾನ್ಯವಾಗಿ ಸೋಲನ್ನು ಬರೆಯಿಸುವುದಿಲ್ಲ. ಪಕಾಲನು ಬರೆಯಿಸಿದನು. ಆದರೆ ಎಷ್ಟು ಮನೆಗಳು ಉರಿದುವು, ಎಷ್ಟು ಜನ ಸತ್ತರು ಎಂಬ ಲೆಕ್ಕ ಅಲ್ಲಿಲ್ಲ. ದೇವತೆಗಳಿಗೆ ಅಲಂಕಾರವಾಗಲಿಲ್ಲ, ಕೊಡಬೇಕಾದ ಕಾಣಿಕೆ ಸಲ್ಲಲಿಲ್ಲ, ದೊರೆಯೂ ಇಲ್ಲವಾದನು, ದೊರೆಸಾನಿಯೂ ಇಲ್ಲವಾದಳು ಎಂಬ ಭಾವದ ಮಾತುಗಳು ಅಲ್ಲಿವೆ. ಇದು ಅರ್ಥವಾಗಬೇಕಾದರೆ ಮಾಯಾ ಜನರ ಕಾಲಗಣನೆಯನ್ನೂ, ಅವರು ಹಸಿರು ಶಿಲೆಗೆ ಕೊಟ್ಟಿದ್ದ ಸ್ಥಾನವನ್ನೂ ಸ್ವಲ್ಪಮಟ್ಟಿಗೆ ತಿಳಿದಿರಬೇಕು.

ಮಾಯಾ ಪಂಚಾಂಗದಲ್ಲಿ 7,200 ದಿನಗಳ ಅವಧಿಗೆ ಕಾತೂನ್ ಎಂದು ಹೆಸರು. ಅದು ನಮ್ಮ ಲೆಕ್ಕದಲ್ಲಿ ಇಪ್ಪತ್ತು ವರ್ಷಗಳಿಗೆ ಸ್ವಲ್ಪ ಕಡಿಮೆ. ಒಂದು ಕಾತೂನ್ ಮುಗಿದು ಇನ್ನೊಂದು ತೊಡಗುವ ದಿನ ಅರಸನಾದವನು ಕುಲದೇವತೆಗಳ ಮೂರ್ತಿಗಳನ್ನು ಹೊಸದಾಗಿ ಸಿಂಗರಿಸಬೇಕು. ಲಕಮ್‌ಹಾದ ಕುಲದೇವತೆಗಳು ಮೂವರು. ಅವರಿಗೆ ಶಿರೋಭೂಷಣ, ಕಿವಿಯೋಲೆ, ಕಂಠಾಭರಣಗಳನ್ನು ಒಪ್ಪಿಸುವುದು ಬರಿಯ ಉತ್ಸವವಾಗಿರಲಿಲ್ಲ. ಕಾಲವು ಮುಂದಕ್ಕೆ ಸಾಗಲು ಸಲ್ಲಿಸಲೇಬೇಕಾದ ಋಣವಾಗಿದ್ದಿತು. 613ರ ಮೇ ತಿಂಗಳಿನಲ್ಲಿ ಅಂತಹ ಒಂದು ದಿನ ಬಂದಿತು. ಸೂರೆಹೋದ ನಗರಕ್ಕೆ ಆ ಋಣವನ್ನು ತೀರಿಸಲಾಗಲಿಲ್ಲ. ಹತ್ತು ವರ್ಷದ ಬಾಲಕನು ಆ ದಿನವನ್ನು ಕಂಡಿರಲೇಬೇಕು.

ಈ ಆಭರಣಗಳಲ್ಲಿ ಶ್ರೇಷ್ಠವಾದುವು ಜೇಡ್ ಶಿಲೆಯವು. ಜೇಡ್ ಎಂಬುದು ನಾವು ಬಲ್ಲ ಪಚ್ಚೆಯಲ್ಲ. ಪಚ್ಚೆ ಬೇರೆ ಜಾತಿಯ ರತ್ನ. ಬೆಳಕು ಅದರೊಳಗೆ ಹಾದುಹೋಗುತ್ತದೆ. ಜೇಡ್ ಬೆಳಕನ್ನು ತನ್ನೊಳಗೆ ಹಿಡಿದಿಟ್ಟುಕೊಂಡಂತೆ ಮಂದವಾಗಿ ಹೊಳೆಯುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಎಳೆಯ ಹುಲ್ಲಿನ ಬಣ್ಣದಿಂದ ಹಿಡಿದು ಆಳವಾದ ಮಡುವಿನ ನೀರಿನ ಬಣ್ಣದವರೆಗೆ ಅದರಲ್ಲಿ ಹಲವು ಛಾಯೆಗಳುಂಟು. ಮಾಯಾ ಭಾಷೆಯಲ್ಲಿ ಹಸಿರಿಗೂ ನೀಲಿಗೂ ಯಾಶ್ ಎಂಬ ಒಂದೇ ಮಾತು. ಮೊದಲನೆಯದು, ಹೊಸದು ಎಂಬ ಅರ್ಥಗಳೂ ಆ ಮಾತಿಗಿವೆ. ನಾಲ್ಕು ದಿಕ್ಕುಗಳಿಗೆ ನಾಲ್ಕು ಬಣ್ಣಗಳನ್ನು ಹೇಳಿದ ಆ ಜನರು ನಡುವಿನ ಸ್ಥಾನವನ್ನು ಹಸಿರಿಗೆ ಬಿಟ್ಟಿದ್ದರು. ಲೋಕದ ನಡುವೆ ನಿಂತು ಆಕಾಶವನ್ನೂ ಪಾತಾಳವನ್ನೂ ಕೂಡಿಸುವ ಮಹಾವೃಕ್ಷದ ಬಣ್ಣವದು.

ಹಸಿರು ಎಂದರೆ ಮೆಕ್ಕೆಜೋಳದ ಎಲೆ. ಮಾಯಾ ಜನರ ಅನ್ನ ಮೆಕ್ಕೆಜೋಳ. ಮೆಕ್ಕೆಜೋಳದ ದೇವತೆಯನ್ನು ಅವರು ಮೈತುಂಬ ಜೇಡ್ ಆಭರಣ ತೊಟ್ಟ ಸುಂದರ ತರುಣನಂತೆ ಚಿತ್ರಿಸಿದರು. ಆತನು ಸಾಯುತ್ತಾನೆ, ನೆಲದೊಳಗೆ ಇಳಿಯುತ್ತಾನೆ, ಮತ್ತೆ ಚಿಗುರುತ್ತಾನೆ. ಬಿತ್ತಿದ ಕಾಳಿನ ಕಥೆಯೇ ಆ ದೇವರ ಕಥೆ. ಹಸಿರು ಎಂದರೆ ನೀರು ಕೂಡ. ಇವೆಲ್ಲಕ್ಕಿಂತ ಮಿಗಿಲಾಗಿ ಜೇಡ್ ಶಿಲೆಯು ಅವರಿಗೆ ಉಸಿರಿನ ಕುರುಹಾಗಿದ್ದಿತು. ಜೀವವೆಂಬುದು ಹೂವಿನ ಕಂಪಿನಂತೆ ಮೈಯೊಳಗೆ ಸುಳಿದಾಡುವ ಗಾಳಿ ಎಂದು ಅವರು ನಂಬಿದ್ದರು. ಮನುಷ್ಯನು ಸತ್ತನೆಂದು ಹೇಳಬೇಕಾದೆಡೆಯಲ್ಲಿ ಮಾಯಾ ಶಾಸನಗಳು ಬಿಳಿಯ ಹೂವಿನಂತಹ ಆತನ ಉಸಿರು ಮುಗಿಯಿತೆಂಬ ರೀತಿಯಲ್ಲಿ ಹೇಳುವುದುಂಟು. ಶ್ರೀಮಂತರು ಕಿವಿಗೆ ತೊಡುತ್ತಿದ್ದ ಅಗಲವಾದ ಜೇಡ್ ಓಲೆಗಳ ಆಕಾರ ಅರಳಿದ ಹೂವಿನದು. ಅದರ ನಡುವಿನಿಂದ ಹೊರಚಾಚುವ ಮಣಿಯು ಹೂವಿನ ಉಸಿರು. ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಸ್ಪೇನಿನ ಪಾದ್ರಿಗಳು ಒಂದು ಪದ್ಧತಿಯನ್ನು ಕಂಡು ಬರೆದಿಟ್ಟಿದ್ದಾರೆ. ಗ್ವಾಟೆಮಾಲದ ಬೆಟ್ಟನಾಡಿನಲ್ಲಿ ದೊಡ್ಡ ಮನೆತನದವರು ಸಾಯುವ ಕ್ಷಣದಲ್ಲಿ, ಹೋಗುವ ಜೀವವನ್ನು ಹಿಡಿದಿಡಲೆಂದು ಅವರ ಬಾಯಿಯ ಬಳಿ ಒಂದು ಅಮೂಲ್ಯ ಶಿಲೆಯನ್ನು ಹಿಡಿಯುತ್ತಿದ್ದರಂತೆ.

ಈ ಶಿಲೆ ಲಕಮ್‌ಹಾದ ಸುತ್ತಮುತ್ತ ಎಲ್ಲಿಯೂ ಸಿಗುವುದಿಲ್ಲ. ಮಾಯಾ ನಾಡಿಗೆ ತಿಳಿದಿದ್ದ ಜೇಡ್ ಶಿಲೆಯ ನೆಲೆ ಒಂದೇ. ಅದು ಈಗಿನ ಗ್ವಾಟೆಮಾಲದ ಮೊಟಾಗ್ವಾ ನದಿಯ ಕಣಿವೆ. ಗೆರೆ ಎಳೆದಂತೆ ನೇರವಾಗಿ ಅಳೆದರೂ ಲಕಮ್‌ಹಾಕ್ಕೂ ಆ ಕಣಿವೆಗೂ ನಡುವೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರ. ಶಿಲೆಯು ಮನುಷ್ಯರ ಬೆನ್ನಿನ ಮೇಲೆ, ದೋಣಿಗಳಲ್ಲಿ, ಹಲವು ಅರಸರ ಗಡಿಗಳನ್ನು ದಾಟಿ ಬರಬೇಕಾಗಿದ್ದಿತು. ದಾರಿಯಲ್ಲಿ ಶತ್ರುವಿದ್ದರೆ ಶಿಲೆಯಿಲ್ಲ. ಹೀಗಾಗಿ ಅರಸನ ಎದೆಯ ಮೇಲಿನ ಜೇಡ್ ಹಾರವು ಆತನ ರಾಜ್ಯದ ಕ್ಷೇಮಸಮಾಚಾರವನ್ನೂ ಹೇಳುತ್ತಿದ್ದಿತು ಎನ್ನಬಹುದು.

ಬಂದ ಶಿಲೆಯನ್ನು ಕೆತ್ತುವುದು ಇನ್ನೂ ಕಷ್ಟ. ಜೇಡ್ ಉಕ್ಕಿನ ಚಾಕುವಿನ ಗೀರಿಗೂ ಸುಲಭವಾಗಿ ಬಗ್ಗುವುದಿಲ್ಲ. ಅದರೊಳಗಿನ ಹರಳುಗಳು ಕಂಬಳಿಯ ಎಳೆಗಳಂತೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸುತ್ತಿಗೆಯ ಪೆಟ್ಟಿಗೂ ಬೇಗನೆ ಒಡೆಯುವುದಿಲ್ಲ. ಮಾಯಾ ಶಿಲ್ಪಿಯು ಅದನ್ನು ದಾರದಿಂದ ಕತ್ತರಿಸಿದನು ಎಂದರೆ ಆಶ್ಚರ್ಯವಾಗುತ್ತದೆ. ದಾರವನ್ನು ನೀರಿನಲ್ಲಿ ನೆನೆಸಿ, ಗಟ್ಟಿಯಾದ ಮರಳಿನ ಪುಡಿಯಲ್ಲಿ ಹೊರಳಿಸಿ, ಶಿಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರು. ದಾರ ಸವೆದರೆ ಇನ್ನೊಂದು ದಾರ. ಮರಳು ಸವೆದರೆ ಇನ್ನೊಂದು ಹಿಡಿ ಮರಳು. ಕತ್ತರಿಸುತ್ತಿದ್ದುದು ದಾರವಲ್ಲ, ಮರಳು. ತೂತು ಕೊರೆಯುವುದಕ್ಕೆ ಟೊಳ್ಳಾದ ಜೊಂಡು, ಇಲ್ಲವೆ ಹಕ್ಕಿಯ ಎಲುಬು. ಅದರ ತುದಿಗೂ ಮರಳು ಮತ್ತು ನೀರು. ಎರಡು ಕಡೆಯಿಂದಲೂ ಕೊರೆದು ನಡುವೆ ಕೂಡಿಸುತ್ತಿದ್ದರು. ಆಮೇಲೆ ನಯಗೊಳಿಸುವ ಕೆಲಸ. ಒಂದು ಮಣಿಗೆ ದಿನಗಟ್ಟಲೆ ದುಡಿಯಬೇಕು. ಕಿವಿಯೋಲೆಯ ನಡುವಿನಿಂದ ಕೊರೆದು ತೆಗೆದ ಚೂರನ್ನೂ ಎಸೆಯದೆ ಮಣಿಯಾಗಿ ಮಾಡುತ್ತಿದ್ದರು.

ಅಂತಹ ಶಿಲೆಯಿಂದ ಮಾಡಿದ ಒಂದು ಚಿಕ್ಕ ಮೂರ್ತಿಯನ್ನು ಬಿಳಿಯ ಪಟ್ಟಿಯಲ್ಲಿ ಸೇರಿಸಿ ಹಣೆಗೆ ಕಟ್ಟುವುದೇ ಮಾಯಾ ಅರಸರ ಪಟ್ಟಾಭಿಷೇಕ. 615ರ ಜುಲೈ ತಿಂಗಳಿನಲ್ಲಿ ಪಕಾಲನಿಗೆ ಪಟ್ಟವಾಯಿತು. ಆಗ ಆತನಿಗೆ ಹನ್ನೆರಡು ವರ್ಷ. ಅರಮನೆಯ ಒಂದು ಗೋಡೆಯಲ್ಲಿ ಅಂಡಾಕಾರದ ಒಂದು ಶಿಲಾಫಲಕವಿದೆ. ಎರಡು ತಲೆಯ ಜಾಗ್ವಾರ್ ಪೀಠದ ಮೇಲೆ ಪಕಾಲನು ಕುಳಿತಿದ್ದಾನೆ. ಮೈಮೇಲೆ ಹೆಚ್ಚಿನ ಆಭರಣಗಳಿಲ್ಲ. ಕೆಳಗೆ ಕುಳಿತ ತಾಯಿ ಎರಡೂ ಕೈಗಳಿಂದ ಕಿರೀಟವನ್ನು ಮಗನ ಕಡೆಗೆ ಎತ್ತಿ ಹಿಡಿದಿದ್ದಾಳೆ. ಕೆತ್ತಿಸಿದ್ದು ಎಷ್ಟೋ ವರ್ಷಗಳ ಮೇಲೆ. ಪ್ರೌಢ ವಯಸ್ಸಿನ ದೊರೆ ತನ್ನ ಅಧಿಕಾರದ ಮೂಲವನ್ನು ನೆನೆದಾಗ ಆತನ ಮನಸ್ಸಿನಲ್ಲಿ ಮೂಡಿದ್ದು ತಾಯಿಯ ಕೈಗಳು.

ಮೊದಲ ಮೂವತ್ತು ವರ್ಷಗಳ ಬಗೆಗೆ ಶಾಸನಗಳು ಹೆಚ್ಚು ಹೇಳುವುದಿಲ್ಲ. 626ರಲ್ಲಿ ಪಕಾಲನು ತ್ಸಾಕ್ಬು ಅಹಾವ್ ಎಂಬ ರಾಜಕುಮಾರಿಯನ್ನು ಮದುವೆಯಾದನು. 635ರಲ್ಲಿ ಹಿರಿಯ ಮಗ ಕಾನ್ ಬಹ್ಲಮ್ ಹುಟ್ಟಿದನು. 644ರಲ್ಲಿ ಕಾನ್ ಹೋಯ್ ಚಿತಮ್ ಹುಟ್ಟಿದನು. ಈ ನಡುವೆ 640ರಲ್ಲಿ ತಾಯಿ ತೀರಿಕೊಂಡಳು. ಎರಡು ವರ್ಷಗಳ ಅನಂತರ ತಂದೆಯೂ ತೀರಿಕೊಂಡನು. ಸೋತ ನಾಡು ಎದ್ದು ನಿಲ್ಲಲು ಬೇಕಾದುದು ಕಾಲ. ಆ ಕಾಲ ಸದ್ದಿಲ್ಲದೆ ಕಳೆಯಿತು.

ಅನಂತರ ಒಂದೊಂದಾಗಿ ಕಟ್ಟಡಗಳು ಎದ್ದುವು. 654ರಲ್ಲಿ ಅರಮನೆಯ ಒಂದು ಮುಖ್ಯ ಭಾಗವನ್ನು ಪ್ರತಿಷ್ಠಾಪಿಸಲಾಯಿತು. ಸುತ್ತಲಿನ ಮನೆಗಳಿಗೆ ಕೆಂಪು ಬಣ್ಣ ಬಳಿದಿದ್ದರೆ ಇದಕ್ಕೆ ಮಾತ್ರ ಬಿಳಿಯ ಬಣ್ಣ. ಗೋಡೆಯ ಮೇಲೆಲ್ಲ ಹೂವುಗಳ ಚಿತ್ರ. ತಾಯಿಯ ಚಿತ್ರವಿರುವ ಅಂಡಾಕಾರದ ಫಲಕವಿರುವುದು ಈ ಬಿಳಿಯ ಮನೆಯಲ್ಲಿ. 659ರಲ್ಲಿ ಪಕಾಲನ ಸೇನೆ ನೆರೆಯ ಶತ್ರುಗಳನ್ನು ಗೆದ್ದು ಸೆರೆಯಾಳುಗಳನ್ನು ಹಿಡಿದು ತಂದಿತು. ಅವರ ರೂಪಗಳನ್ನು ಅರಮನೆಯ ಅಂಗಳದ ಕಲ್ಲುಗಳಲ್ಲಿ ಕೆತ್ತಲಾಗಿದೆ. ಮಂಡಿಯೂರಿ ಕುಳಿತ ಅವರ ಕಿವಿಗಳಲ್ಲಿ ಓಲೆಗಳಿಲ್ಲ. ಸೋತವನ ಮೈಮೇಲಿನ ಜೇಡನ್ನು ಮೊದಲು ಕಿತ್ತುಕೊಂಡು ಅಲ್ಲಿ ಬಟ್ಟೆಯ ಇಲ್ಲವೆ ಕಾಗದದ ಚೂರನ್ನು ಸಿಕ್ಕಿಸುವುದು ಆ ನಾಡಿನ ಯುದ್ಧಪದ್ಧತಿ. ಸೆರೆಯಾಳಿನ ಕೊನೆ ಬಲಿಪೀಠದಲ್ಲಿ. ಪಕಾಲನ ಕಾಲವನ್ನು ಹೊಗಳುವಾಗ ಈ ಕ್ರೌರ್ಯವನ್ನು ಮುಚ್ಚಿಡುವುದು ಸರಿಯಲ್ಲ.

ಆದರೆ ತನ್ನ ಆಳ್ವಿಕೆಯ ಮುಖ್ಯ ಸಂಗತಿಯೆಂದು ಪಕಾಲನು ಭಾವಿಸಿದ್ದು ಯುದ್ಧವನ್ನಲ್ಲ. ಆತನು ಬರೆಯಿಸಿದ ದೀರ್ಘ ಶಾಸನ 617 ಚಿತ್ರಾಕ್ಷರಗಳಷ್ಟು ವಿಸ್ತಾರವಾಗಿದೆ. ಮಾಯಾ ನಾಡಿನ ಅತಿ ದೊಡ್ಡ ಶಾಸನಗಳಲ್ಲಿ ಅದೂ ಒಂದು. ಅದರ ಬಹುಭಾಗ ತುಂಬಿರುವುದು ಕಾತೂನುಗಳ ಕೊನೆಯಲ್ಲಿ ಮೂವರು ಕುಲದೇವತೆಗಳಿಗೆ ಸಲ್ಲಿಸಿದ ಕಾಣಿಕೆಗಳ ವಿವರ. 633, 652 ಮತ್ತು 672ರಲ್ಲಿ ಮೂರು ಕಾತೂನುಗಳು ಪಕಾಲನ ಆಳ್ವಿಕೆಯಲ್ಲಿ ಮುಗಿದುವು. ಒಬ್ಬೊಬ್ಬ ದೇವತೆಗೂ ಬೇರೆ ಬೇರೆಯಾಗಿ, ಇಂತಹ ಶಿರೋಭೂಷಣ, ಇಂತಹ ಕಿವಿಯೋಲೆ, ಇಂತಹ ಹಾರ ಎಂದು ಶಾಸನ ಹೇಳುತ್ತ ಹೋಗುತ್ತದೆ. ಮೊದಲ ಬಾರಿಗೆ ಓದುವವರಿಗೆ ಇದು ಬೇಸರದ ಪಟ್ಟಿ ಎನಿಸೀತು. 613ರ ಬರಿಗೈಯ ದಿನವನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಆ ಪಟ್ಟಿಯ ಒಂದೊಂದು ಆಭರಣವೂ ತೀರಿದ ಸಾಲದ ಒಂದೊಂದು ಕಂತಾಗಿ ಕಾಣುತ್ತದೆ. ದೇವತೆಗಳ ಮನಸ್ಸು ತಣಿಯಿತೆಂಬ ಅರ್ಥದ ಮಾತೂ ಅಲ್ಲಿದೆ.

ಪಕಾಲನ ಲೆಕ್ಕಾಚಾರ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಶಾಸನವು ಲಕ್ಷಾಂತರ ವರ್ಷಗಳ ಹಿಂದಿನ ಒಂದು ದೇವತೆಯ ಪಟ್ಟಾಭಿಷೇಕವನ್ನು ಹೇಳಿ, ಮುಂದೆ ಕ್ರಿ.ಶ. 4772ರಲ್ಲಿ ಪಕಾಲನ ಪಟ್ಟಾಭಿಷೇಕದ ದಿನವು ಪಂಚಾಂಗದಲ್ಲಿ ಎಂಬತ್ತು ಆವರ್ತಗಳನ್ನು ಮುಗಿಸಿ ಮತ್ತೆ ಬರುವುದನ್ನೂ ಮುಂದಾಗಿಯೇ ಗುರುತಿಸುತ್ತದೆ. ಆ ದಿನ ಬರುವುದಕ್ಕೆ ಇನ್ನೂ ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷಗಳಿವೆ.

672ರ ನವೆಂಬರ್ ತಿಂಗಳಿನಲ್ಲಿ ಪತ್ನಿ ತ್ಸಾಕ್ಬು ಅಹಾವ್ ತೀರಿಕೊಂಡಳು. ಪಕಾಲನಿಗೆ ಆಗ ಅರುವತ್ತೊಂಬತ್ತು ವರ್ಷ. ಅದಾದ ಕೆಲವು ವರ್ಷಗಳಲ್ಲಿ, ಸುಮಾರು 675ರಲ್ಲಿ, ಆತನು ತನ್ನ ಸಮಾಧಿಯ ಕೆಲಸವನ್ನು ತೊಡಗಿಸಿದನು. ಈಗ ಶಾಸನಗಳ ದೇವಾಲಯ ಎಂದು ಹೆಸರಾಗಿರುವ ಕಟ್ಟಡವೇ ಅದು. ಬೆಟ್ಟದ ಇಳುಕಲಿಗೆ ಒರಗಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಗೋಪುರ; ಮೇಲೆ ಐದು ಬಾಗಿಲುಗಳ ಗುಡಿ. ಗುಡಿಯ ಕೆಳಗೆ, ಗೋಪುರದ ತಳದಲ್ಲಿ, ಸಮಾಧಿಯ ಕೋಣೆ. ಮೊದಲು ಸಿದ್ಧವಾದುದು ಒಂದೇ ಬಂಡೆಯಲ್ಲಿ ಕಡೆದ ಶವಪೆಟ್ಟಿಗೆ. ಅದು ಯಾವ ಬಾಗಿಲಿನಲ್ಲಿಯೂ ಹಿಡಿಸುವಂತಹುದಲ್ಲವಾದುದರಿಂದ ಅದನ್ನು ನೆಲೆಗೊಳಿಸಿದ ಮೇಲೆಯೇ ಕೋಣೆಯನ್ನೂ ಗೋಪುರವನ್ನೂ ಅದರ ಸುತ್ತ ಕಟ್ಟಿದರು.

ಪೆಟ್ಟಿಗೆಯ ನಾಲ್ಕು ಬದಿಗಳಲ್ಲಿ ಪಕಾಲನ ಪೂರ್ವಜರನ್ನು ಕೆತ್ತಲಾಗಿದೆ. ಒಬ್ಬೊಬ್ಬರೂ ನೆಲದ ಬಿರುಕಿನಿಂದ ಒಂದೊಂದು ಹಣ್ಣಿನ ಮರದೊಡನೆ ಮೇಲೇಳುತ್ತಿದ್ದಾರೆ. ತಾಯಿ ಸಾಕ್ ಕುಕ್ ಎದ್ದು ಬರುವುದು ಕೋಕೋ ಮರದೊಡನೆ. ಸತ್ತವರು ತೋಟವಾಗಿ ಚಿಗುರುತ್ತಾರೆ ಎಂಬ ಕಲ್ಪನೆ ಎಷ್ಟು ಸೊಗಸಾದುದು! ಮೇಲಿನ ಮುಚ್ಚಳದ ಚಿತ್ರವೇ ಪ್ರಪಂಚದಲ್ಲೆಲ್ಲ ಪ್ರಸಿದ್ಧವಾದುದು. ಪಾತಾಳದ ತೆರೆದ ದವಡೆಗಳ ಮೇಲೆ ಪಕಾಲನು ಹಿಂದಕ್ಕೆ ಒರಗಿದ್ದಾನೆ. ಆತನ ಮೈಯಿಂದ ಮೇಲೇಳುವಂತೆ ಲೋಕವೃಕ್ಷ ನಿಂತಿದೆ. ಅದರ ತುದಿಯಲ್ಲಿ ದಿವ್ಯಪಕ್ಷಿ. ಪಕಾಲನ ಸೊಂಟದಲ್ಲಿರುವುದು ಜೇಡ್ ಮಣಿಗಳ ಬಲೆಯಂತಹ ಉಡುಗೆ. ಅದು ಮೆಕ್ಕೆಜೋಳದ ದೇವತೆಯ ಉಡುಗೆ. ಎಂಬತ್ತರ ಮುದುಕನಾಗಿ ತೀರಿಕೊಂಡ ದೊರೆ ಇಲ್ಲಿ ತರುಣ, ಬಿತ್ತಿದ ಕಾಳು. ಕೆಲವರು ಈ ಚಿತ್ರದಲ್ಲಿ ಬಾಹ್ಯಾಕಾಶ ನೌಕೆಯನ್ನು ನಡೆಸುವ ಯಾತ್ರಿಕನನ್ನು ಕಂಡು ಪುಸ್ತಕಗಳನ್ನೂ ಬರೆದರು. ಮಾಯಾ ಲಿಪಿಯನ್ನು ಓದಬಲ್ಲವರಿಗೆ ಅಂತಹ ಕಲ್ಪನೆಯ ಅಗತ್ಯವೇ ಇಲ್ಲ. ಚಿತ್ರದ ಒಂದೊಂದು ಭಾಗಕ್ಕೂ ಮಾಯಾ ನಂಬಿಕೆಯಲ್ಲಿಯೇ ಅರ್ಥವಿದೆ.

ಕ್ರಿ.ಶ. 683ರ ಆಗಸ್ಟ್ ತಿಂಗಳ ಕೊನೆಯಲ್ಲಿ ಪಕಾಲನು ಮರಣ ಹೊಂದಿದನು. ಪೆಟ್ಟಿಗೆಯ ಅಂಚಿನ ಶಾಸನ ಅದನ್ನು ದಾರಿಯನ್ನು ಪ್ರವೇಶಿಸುವುದು ಎಂಬ ಅರ್ಥದ ಮಾತಿನಿಂದ ಸೂಚಿಸುತ್ತದೆ. ಶವವನ್ನು ಗುಡಿಯ ಒಳಗಿನ ಮೆಟ್ಟಿಲುಗಳಿಂದ ಕತ್ತಲೆಯೊಳಕ್ಕೆ ಇಳಿಸಿದರು. ಪೆಟ್ಟಿಗೆಯ ಒಳಭಾಗಕ್ಕೆ ಇಂಗಲೀಕದ ಕೆಂಪನ್ನು ಬಳಿದಿದ್ದರು. ಕೆಂಪು ಮೂಡಣ ದಿಕ್ಕಿನ ಬಣ್ಣ, ಸೂರ್ಯೋದಯದ ಬಣ್ಣ. ಆ ಕೆಂಪಿನ ನಡುವೆ ಹಸಿರನ್ನು ಇಟ್ಟರು. ಹಣೆಗೆ ಜೇಡ್ ಪಟ್ಟಿ, ಕಿವಿಗಳಿಗೆ ಓಲೆ, ಕೊರಳಿಗೆ ಸಾಲು ಸಾಲಾದ ಮಣಿಗಳು, ಎರಡು ಮುಂಗೈಗಳಿಗೂ ನೂರಾರು ಮಣಿಗಳ ಕಡಗ, ಹತ್ತು ಬೆರಳುಗಳಿಗೆ ಹತ್ತು ಉಂಗುರ. ಒಂದು ಕೈಯಲ್ಲಿ ಚೌಕವಾದ ಜೇಡ್, ಇನ್ನೊಂದು ಕೈಯಲ್ಲಿ ಗುಂಡಾದ ಜೇಡ್. ಪಾದದ ಬಳಿ ಒಂದು ಪುಟ್ಟ ಜೇಡ್ ಮೂರ್ತಿ. ಬಾಯಿಯೊಳಗೆ ಒಂದು ಮಣಿ. ಮುಖದ ಮೇಲೆ, ನೂರಾರು ಜೇಡ್ ಚೂರುಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ ಮಾಡಿದ ಮುಖವಾಡ. ಅದರ ಕಣ್ಣುಗಳು ಚಿಪ್ಪಿನವು. ಕಣ್ಣಿನ ಪಾಪೆಗಳು ಕಪ್ಪು ಅಗ್ನಿಶಿಲೆಯವು. ಬಾಲ್ಯದಲ್ಲಿ ದೇವತೆಗಳ ಬರಿಮೈಯನ್ನು ಕಂಡವನು ದೇವತೆಯಂತೆಯೇ ಅಲಂಕೃತನಾಗಿ ಮಲಗಿದನು.

ಬಳಿಕ ಹಲವು ಟನ್ ತೂಕದ ಮುಚ್ಚಳವನ್ನು ಎಳೆದು ಮುಚ್ಚಿದರು. ಬಾಗಿಲಿಗೆ ತ್ರಿಕೋನಾಕಾರದ ಚಪ್ಪಡಿಯನ್ನು ನಿಲ್ಲಿಸಿದರು. ಬಾಗಿಲ ಹೊರಗೆ ಕೆಲವರು ತರುಣರನ್ನು ಬಲಿಕೊಟ್ಟು ಹೂಳಿದರು. ಅವರ ಹೆಸರುಗಳನ್ನು ಯಾವ ಕಲ್ಲಿನಲ್ಲಿಯೂ ಬರೆಯಲಿಲ್ಲ. ಮೆಟ್ಟಿಲುಗಳನ್ನು ಕಲ್ಲು ಮಣ್ಣುಗಳಿಂದ ತುಂಬುತ್ತ ಮೇಲೆ ಬಂದರು. ಆದರೆ ಎಲ್ಲವನ್ನೂ ಮುಚ್ಚಲಿಲ್ಲ. ಶವಪೆಟ್ಟಿಗೆಯಿಂದ ಮೊದಲಾಗಿ ಮೆಟ್ಟಿಲುಗಳ ಪಕ್ಕದಲ್ಲಿಯೇ ಗುಡಿಯ ನೆಲದವರೆಗೆ ಕಲ್ಲಿನ ಒಂದು ಸಣ್ಣ ಟೊಳ್ಳು ಕೊಳವೆಯನ್ನು ಕಟ್ಟಿದರು. ಸತ್ತ ದೊರೆಯ ಉಸಿರು ಬಂದು ಹೋಗಲು ಅದು ದಾರಿ. 684ರ ಜನವರಿಯಲ್ಲಿ ಕಾನ್ ಬಹ್ಲಮ್ ನಲವತ್ತೆಂಟನೆಯ ವಯಸ್ಸಿನಲ್ಲಿ ಪಟ್ಟವೇರಿ, ತಂದೆ ಬಿಟ್ಟುಹೋದ ಗುಡಿಯ ಕೆಲಸವನ್ನು ಮುಗಿಸಿದನು. ಆತನ ಬಳಿಕ ತಮ್ಮನು ಆಳಿದನು. ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲಕಮ್‌ಹಾದ ಶಾಸನಗಳು ನಿಂತುವು, ಜನರು ಚದುರಿದರು, ಕಾಡು ನಗರವನ್ನು ಆವರಿಸಿತು. ಪಕಾಲನ ಹೆಸರು ಮರೆತುಹೋಯಿತು.

ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ಯಾರೂ ಆ ಮೆಟ್ಟಿಲುಗಳನ್ನು ಇಳಿಯಲಿಲ್ಲ. ಮೆಕ್ಸಿಕೋದ ಪ್ರಾಕ್ತನ ಶಾಸ್ತ್ರಜ್ಞ ಆಲ್ಬೆರ್ತೊ ರೂಸ್ ಅವರು ಶಾಸನಗಳ ದೇವಾಲಯವನ್ನು ಪರೀಕ್ಷಿಸುತ್ತಿದ್ದಾಗ ನೆಲದ ಒಂದು ಚಪ್ಪಡಿಯಲ್ಲಿ ಕಲ್ಲಿನ ಬಿರಡೆಗಳಿಂದ ಮುಚ್ಚಿದ ತೂತುಗಳಿರುವುದನ್ನು ಗಮನಿಸಿದರು. ಗೋಡೆಗಳೂ ನೆಲದ ಮಟ್ಟದಲ್ಲಿ ಮುಗಿಯದೆ ಕೆಳಗೆ ಇಳಿಯುತ್ತಿದ್ದುವು. ಚಪ್ಪಡಿಯನ್ನು ಎತ್ತಿದಾಗ ಕಲ್ಲುಮಣ್ಣು ತುಂಬಿದ ಮೆಟ್ಟಿಲುಗಳು ಕಂಡುವು. ಅರುವತ್ತಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬಿಡಿಸಲು ನಾಲ್ಕು ಋತುಗಳ ದುಡಿಮೆ ಬೇಕಾಯಿತು. 1952ರ ಜೂನ್ ತಿಂಗಳಿನಲ್ಲಿ ತ್ರಿಕೋನ ಚಪ್ಪಡಿ ಸರಿಯಿತು. ಅದೇ ವರ್ಷದ ನವೆಂಬರಿನಲ್ಲಿ ಮರದ ದಿಮ್ಮಿಗಳನ್ನೂ ಮೋಟಾರು ಗಾಡಿಯ ಜ್ಯಾಕುಗಳನ್ನೂ ಇಟ್ಟು ಮುಚ್ಚಳವನ್ನು ಅಂಗುಲ ಅಂಗುಲವಾಗಿ ಎತ್ತಿದರು. ಒಳಗೆ ಕೆಂಪು ಹುಡಿಯ ನಡುವೆ ಹಸಿರು ಹೊಳೆಯುತ್ತಿದ್ದಿತು. ಮಾಯಾ ಗೋಪುರಗಳು ಗುಡಿಗಳನ್ನು ಹೊರಲು ಕಟ್ಟಿದ ಜಗತಿಗಳು ಮಾತ್ರ, ಸಮಾಧಿಗಳಲ್ಲ ಎಂದು ಅಲ್ಲಿಯವರೆಗೆ ತಿಳಿಯಲಾಗಿದ್ದ ಅಭಿಪ್ರಾಯ ಆ ದಿನ ಬದಲಾಯಿತು.

ಒಳಗೆ ಮಲಗಿದ್ದವನು ಯಾರೆಂಬುದು ರೂಸ್ ಅವರಿಗೆ ಆಗ ತಿಳಿಯಲಿಲ್ಲ. ಎಲುಬುಗಳನ್ನು ನೋಡಿದ ತಜ್ಞರು ನಲವತ್ತರಿಂದ ಐವತ್ತು ವರ್ಷದವನಿರಬೇಕೆಂದರು. 1970ರ ದಶಕದಲ್ಲಿ ಮಾಯಾ ಲಿಪಿಯ ಓದು ಮುಂದುವರಿದು, 1973ರಲ್ಲಿ ಪಲೆಂಕೆಯಲ್ಲಿಯೇ ಸೇರಿದ ವಿದ್ವಾಂಸರ ಒಂದು ಸಭೆಯಲ್ಲಿ ಅಲ್ಲಿನ ಅರಸರ ಪರಂಪರೆ ಬೆಳಕಿಗೆ ಬಂದಿತು. ಶಾಸನದ ಲೆಕ್ಕದಂತೆ ಸತ್ತವನಿಗೆ ಎಂಬತ್ತು ವರ್ಷ. ಎಲುಬು ಒಂದು ಹೇಳಿದರೆ ಅಕ್ಷರ ಇನ್ನೊಂದನ್ನು ಹೇಳಿತು. ಹಲವು ವರ್ಷ ನಡೆದ ಈ ವಾದದಲ್ಲಿ ಹೊಸ ಪರೀಕ್ಷೆಗಳು ಅಕ್ಷರದ ಪಕ್ಷವನ್ನೇ ಸಮರ್ಥಿಸಿದುವು. 1994ರಲ್ಲಿ ಪಕ್ಕದ ಗುಡಿಯೊಂದರ ಕೆಳಗೆ ಇಂಗಲೀಕದಿಂದ ಕೆಂಪಾದ ಒಬ್ಬ ಹೆಂಗಸಿನ ಸಮಾಧಿ ದೊರೆಯಿತು. ಆಕೆಯ ಮುಖವಾಡ ಮಾಲಕೈಟ್ ಎಂಬ ಇನ್ನೊಂದು ಹಸಿರು ಖನಿಜದ್ದು. ಆಕೆ ತ್ಸಾಕ್ಬು ಅಹಾವ್ ಇರಬೇಕೆಂಬುದು ಬಹುಮಂದಿ ವಿದ್ವಾಂಸರ ಮತ.

ಪಕಾಲನ ಮುಖವಾಡವನ್ನು ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ಸಂಗ್ರಹಾಲಯದಲ್ಲಿ ಇರಿಸಲಾಯಿತು. 1985ರ ಕ್ರಿಸ್ಮಸ್ ದಿನದ ನಸುಕಿನಲ್ಲಿ ಕಳ್ಳರು ಅದನ್ನೂ ಇತರ ನೂರಕ್ಕೂ ಹೆಚ್ಚು ವಸ್ತುಗಳನ್ನೂ ಕದ್ದೊಯ್ದರು. 1989ರಲ್ಲಿ ಅದು ಮರಳಿ ದೊರೆಯಿತು. ರೂಸ್ ಅವರು 1979ರಲ್ಲಿ ತೀರಿಕೊಂಡರು. ಅವರ ಸಮಾಧಿಯನ್ನು ಪಲೆಂಕೆಯಲ್ಲಿಯೇ, ಶಾಸನಗಳ ದೇವಾಲಯದ ಎದುರಿಗೆ ಮಾಡಲಾಗಿದೆ. ಜೇಡ್ ಆಭರಣಗಳು ರಾಜಧಾನಿಗೆ ಹೋದರೂ ಪಕಾಲನ ಎಲುಬುಗಳನ್ನೂ ಕೆತ್ತಿದ ಮುಚ್ಚಳವನ್ನೂ ಗೋಪುರದ ತಳದ ಕೋಣೆಯಲ್ಲಿಯೇ ಉಳಿಸಲಾಯಿತು. ಕಲ್ಲಿನ ಆ ಸಣ್ಣ ಕೊಳವೆ ಇನ್ನೂ ಅಲ್ಲಿಂದ ಮೇಲಿನ ಗುಡಿಯವರೆಗೆ ಏರುತ್ತದೆ.